ಅಮ್ಮನಿಗೆ ಸೇರಬೇಕಾದ ಬಟ್ಟೆ

ಜ್ವರ ಬಂದಿದೆ ಎಂದು ನನಗೆ ತಿಳಿದದ್ದು ಭಾನುವಾರದ ಪೂಜೆಯ ನಡುವೆ. ಪೂಜಾಪಾತ್ರೆಯನ್ನು ತುಟಿಗೆ ತಾಗಿಸಿದೆ. ಬೆಳ್ಳಿ ಮಂಜುಗಡ್ಡೆಯಂತೆ ಕೊರೆಯಿತು. ಪಾತ್ರೆ ಎಂದಿನಂತೆಯೇ ಇತ್ತು. ಸುಡುತ್ತಿದ್ದದ್ದು ನನ್ನ ತುಟಿ. ಅಷ್ಟು ಹೊಳೆಯುವುದಕ್ಕೂ ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮ ಚರ್ಚುಗಳಲ್ಲಿ ಪೂಜೆ ಮಾಡುವ ಗುರು ಪೀಠದ ಕಡೆಗೆ ಮುಖಮಾಡಿ ನಿಲ್ಲುತ್ತಾನೆ. ಜನರಿಗೆ ಕಾಣುವುದು ಅವನ ಬೆನ್ನು ಮಾತ್ರ. ಆ ದಿನ ನನ್ನ ಬೆನ್ನು ನಡುಗುತ್ತಿತ್ತಂತೆ. ಹದಿಮೂರು ವರ್ಷದಿಂದ ಬಾಯಿಗೆ ಬರುತ್ತಿದ್ದ ಲ್ಯಾಟಿನ್ ಸಾಲುಗಳು ಕೈಕೊಟ್ಟು, ನಿಂತು ನಿಂತು ಓದಿ ಮುಗಿಸಿದೆ. ದೇವಾಲಯದ ಕೆಲಸ ನೋಡಿಕೊಳ್ಳುವ ಮುದುಕ ಚೌರಪ್ಪ ಕಣ್ಣೊರೆಸಿಕೊಳ್ಳುತ್ತಾ ಬಂದ.

"ಸ್ವಾಮಿಯೋರೆ, ಇಂಥ ಪೂಜೆ ನನ್ನ ಜೀವಮಾನದಾಗೇ ಕಂಡಿಲ್ಲ. ಏನು ಭಕ್ತಿ! ಮೈಯೆಲ್ಲ ಗಡಗಡ ನಡುಗ್ತಿತ್ತಲ್ಲ!"

"ಚಳಿ ಚೌರಪ್ಪ, ಚಳಿ."

"ಅಷ್ಟು ಭಕ್ತಿ ಬಂದ್ರೆ ಚಳೀನೂ ಬರ್ತದೆ, ಬಿಡಿ."

ಎರಡನೇ ಪೂಜೆ ಆವತಿಯ ಆಚೆಯ ಒಂದು ಹಳ್ಳಿಯಲ್ಲಿ. ಹಿಂದಿನ ರಾತ್ರಿ ಹನ್ನೆರಡರಿಂದ ಎರಡನೇ ಪೂಜೆ ಮುಗಿಯುವವರೆಗೆ ಗುರು ಒಂದು ತೊಟ್ಟು ನೀರನ್ನೂ ಕುಡಿಯುವಂತಿಲ್ಲ. ಕುಡಿದರೆ ಪೂಜೆ ಮಾಡುವಂತಿಲ್ಲ. ಪೂಜೆ ಮಾಡದಿದ್ದರೆ, ಬೆಳಗ್ಗೆಯಿಂದ ಉಪವಾಸ ಕೂತ ಆ ಹತ್ತಾರು ಮನೆಗಳವರು ಹಾಗೆಯೇ ಎದ್ದು ಹೋಗಬೇಕು. ಸೈಕಲ್ ತುಳಿದೆ. ದಾರಿಯುದ್ದಕ್ಕೂ ಬಾವಿಗಳು ಕಂಡವು. ಏತದ ನೀರು ಕಾಲುವೆಗೆ ಬೀಳುವ ಸದ್ದು ಈಗಲೂ ಕಿವಿಯಲ್ಲಿದೆ. ಇಳಿದು ಕುಡಿದಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಷ್ಟು ಸಲ ಕೇಳಿಕೊಂಡಿದ್ದೇನೋ. ಬಹುಶಃ ಏನೂ ಆಗುತ್ತಿರಲಿಲ್ಲ. ಜ್ವರ ಅದಕ್ಕೆ ಮೊದಲೇ ಒಳಗೆ ಬಂದು ಕೂತಿತ್ತು.

ಮಧ್ಯಾಹ್ನ ಮನೆಗೆ ಬಂದವನು ಸೈಕಲ್ಲನ್ನು ಗೋಡೆಗೆ ಒರಗಿಸಿದೆ ಅಂದುಕೊಂಡೆ. ಸೈಕಲ್ಲು ಬಿತ್ತು. ಅದರ ಮೇಲೆ ನಾನು ಬಿದ್ದೆ.

ಅಕ್ಕ ಅಡಿಗೆಮನೆಯಿಂದ ಓಡಿಬಂದಳು.

ಅಕ್ಕನ ಹೆಸರು ಜ್ಞಾನಮ್ಮ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಪ್ಪ ಪ್ಲೇಗಿನಲ್ಲಿ ಹೋದಾಗ ನಾನು ತೊಟ್ಟಿಲಲ್ಲಿದ್ದೆನಂತೆ. ಅಮ್ಮ ಕೂಲಿಗೆ ಹೋಗುತ್ತಿದ್ದಳು, ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ದೊಡ್ಡಬಳ್ಳಾಪುರದ ಹತ್ತಿರದ ನಮ್ಮ ಊರಿಗೇ ವಾಪಸು ಬಂದಳು. ಆರು ವರ್ಷದ ಹಿಂದೆ ಅಮ್ಮನೂ ತೀರಿಹೋದ ಮೇಲೆ, ನನಗೆ ಅಡಿಗೆ ಮಾಡಿಹಾಕಲೆಂದು ಈ ಊರಿಗೆ ಬಂದಳು. ಊರಿನವರೆಲ್ಲ ನನ್ನನ್ನು ಸ್ವಾಮಿ ಎನ್ನುತ್ತಾರೆ. ಅವಳು ಮಾತ್ರ ಎದುರಿಗೆ ಜನರಿದ್ದರೆ ಸ್ವಾಮಿ, ಇಲ್ಲದಿದ್ದರೆ ಏನೋ, ಬಾರೋ.

ನಾಲ್ಕು ದಿನ ಕಷಾಯವಾಯಿತು. ಐದನೆಯ ದಿನ ದೇವನಹಳ್ಳಿಯಿಂದ ಡಾಕ್ಟರು ಬಂದರು. ನಾಲಗೆ ನೋಡಿದರು, ಹೊಟ್ಟೆ ಒತ್ತಿದರು, ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಟೈಫಾಯಿಡ್, ಫಾದರ್."

ನಾನು ಸೆಮಿನರಿಗೆ ಸೇರುವ ಮೊದಲು ಬೆಂಗಳೂರಿನ ಕಾಲೇಜಿನಲ್ಲಿ ಸೈನ್ಸ್ ಓದಿದವನು. ಕರುಳಿನ ಚಿತ್ರವನ್ನು ನೋಟ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದಿದ್ದೆ. ಟೈಫಾಯಿಡ್‌ನಲ್ಲಿ ಆ ಕರುಳಿನ ಒಳಗೋಡೆ ಹುಣ್ಣಾಗಿ ಕಾಗದದಂತೆ ತೆಳ್ಳಗಾಗುತ್ತದೆ ಎಂದು ಗೊತ್ತಿತ್ತು. ಅಂಥ ಹೊತ್ತಿನಲ್ಲಿ ಓದಿದವನಿಗಿಂತ ಓದದವನೇ ಹೆಚ್ಚು ಸುಖಿ.

"ಬೆಂಗ್ಳೂರಿಗೆ ಸಾಗಿಸೋಣ್ವಾ?" ಎಂದು ಅಕ್ಕ ಕೇಳಿದಳು.

"ಬೇಡಮ್ಮ. ಆ ಇದ್ದಿಲು ಗ್ಯಾಸಿನ ಬಸ್ಸಿನ ಕುಲುಕಾಟಕ್ಕೆ ಕರುಳೇ ತೂತು ಬಿದ್ದೀತು. ಇಲ್ಲೇ ಇರ್ಲಿ. ಬಾರ್ಲಿ ನೀರು, ಗ್ಲೂಕೋಸ್, ತಿಳಿ ಮಜ್ಜಿಗೆ. ಮಂಚ ಬಿಟ್ಟು ಕೆಳಗೆ ಕಾಲಿಡಬಾರ್ದು. ಮೂರನೇ ವಾರ ಕಳೆದ್ರೆ ಗೆದ್ದ ಹಾಗೆ." ನನ್ನ ಕಡೆ ತಿರುಗಿದರು. "ಫಾದರ್, ನಿಮ್ಮ ದೇವರಿಗೆ ಏನು ಬೇಕಾದ್ರೂ ನೀವು ಹೇಳ್ಕೊಳ್ಳಿ. ನಿಮ್ಮ ಹೊಟ್ಟೆಗೆ ಹೇಳೋನು ಮಾತ್ರ ನಾನು."

ಹೀಗೆ ನಾನು ಮಲಗಿದೆ.

ಮಲಗಿದವನಿಗೆ ದಿನವೆಂದರೆ ಸದ್ದು. ಗೋಡೆಯಾಚೆಯ ದೇವಾಲಯದಲ್ಲಿ ಚೌರಪ್ಪ ಗಂಟೆ ಹೊಡೆಯುವುದು, ಅಕ್ಕ ನನ್ನ ಬಟ್ಟೆಗಳನ್ನು ಹಂಡೆಯಲ್ಲಿ ಕುದಿಸುವುದು, ಊರಿನ ಹಿರಿಯರಾದ ಪಿಳ್ಳೇಗೌಡರು ಜಗಲಿಯಲ್ಲಿ ನಿಂತು ಒಳಗೆ ಬರದೆ ಗಟ್ಟಿಯಾಗಿ "ಹೆಂಗವ್ರೆ ನಮ್ಮ ಸ್ವಾಮಿಯೋರು?" ಎನ್ನುವುದು. ಅವರು ನಮ್ಮ ಧರ್ಮದವರಲ್ಲ. ಆದರೂ ದಿನಕ್ಕೊಂದು ಸಲ ಆ ಧ್ವನಿ ಬರಲೇಬೇಕು. ಒಂದು ದಿನ ತಡವಾದರೆ, ನಾನು ಸತ್ತಿರಬಹುದೆಂದು ನನಗೇ ಅನುಮಾನ ಬರುತ್ತಿತ್ತು.

ಜ್ವರ ಏರಿದಾಗ ಕೈಗಳು ಕಾಣುತ್ತಿದ್ದವು. ನನ್ನವಲ್ಲ. ಸಾಯುವವರ ಕೈಗಳು. ನಾವು ಪವಿತ್ರ ತೈಲವನ್ನು ಕಣ್ಣಿಗೆ, ಕಿವಿಗೆ, ಬಾಯಿಗೆ, ಅಂಗೈಗೆ ಹಚ್ಚುತ್ತೇವೆ. ಹದಿಮೂರು ವರ್ಷದಲ್ಲಿ ಎಷ್ಟು ಅಂಗೈಗಳನ್ನು ಬಿಡಿಸಿ ಹಿಡಿದಿದ್ದೇನೋ. ಮುಖಗಳು ಮರೆತಿವೆ, ಕೈಗಳು ಮರೆತಿಲ್ಲ. ವಿಜಯಪುರದಲ್ಲಿ ರೇಷ್ಮೆ ಬಿಚ್ಚುವ ಹೆಂಗಸರ ಕೈ ಕುದಿಯುವ ನೀರಿನಲ್ಲಿ ನೆನೆದು ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಎಣ್ಣೆ ಅದರ ಮೇಲೆ ನಿಲ್ಲುವುದಿಲ್ಲ. ಬೂದಿಗೆರೆಯ ಕಡೆ ಒಬ್ಬ ರೈತನ ಅಂಗೈ ಎಷ್ಟು ಒರಟಾಗಿತ್ತೆಂದರೆ, ಶಿಲುಬೆಯ ಗುರುತು ಎಳೆದಾಗ ನನ್ನ ಹೆಬ್ಬೆರಳೇ ತರಚಿತು.

ಅಷ್ಟು ಕೈಗಳಲ್ಲಿ ಅಮ್ಮನ ಕೈ ಇರಲಿಲ್ಲ.

ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ, ಒಂದು ಶನಿವಾರ ಬೆಳಗ್ಗೆ, ನಮ್ಮ ಊರಿನಿಂದ ಆಳು ಬಂದು ಅಮ್ಮನಿಗೆ ತುಂಬಾ ಜಾಸ್ತಿಯಾಗಿದೆ ಎಂದ. ನಾನು ಚೀಲ ಹಿಡಿದು ಹೊಸ್ತಿಲು ದಾಟುವಾಗ ವಿಜಯಪುರದಿಂದ ಒಬ್ಬ ಓಡಿಬಂದ. ಅವನ ಹೆಂಡತಿ ಹೆತ್ತು ಮೂರು ದಿನ. ಸಾಯುತ್ತಿದ್ದಾಳೆ, ತೈಲ ಹಚ್ಚಬೇಕು. ಅಮ್ಮನಿಗೆ ತೈಲ ಹಚ್ಚಲು ಊರಿನ ಗುರುಗಳಿದ್ದರು. ಈಕೆಗೆ ನಾನೊಬ್ಬನೇ. ವಿಜಯಪುರಕ್ಕೆ ಹೋದೆ. ಸಂಜೆಯವರೆಗೆ ಅಲ್ಲಿಯೇ ಕೂರಬೇಕಾಯಿತು. ಬಸ್ಸು ಹೋಗಿಯಾಗಿತ್ತು. ಮಾರನೆಯ ಮಧ್ಯಾಹ್ನ ಊರು ತಲುಪಿದಾಗ ಅಮ್ಮನ ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು.

ವಿಜಯಪುರದ ಆ ಹೆಂಗಸು ಬದುಕಿದಳು. ಪ್ರತಿ ಕ್ರಿಸ್‌ಮಸ್‌ಗೂ ಮಗುವಿನ ಕೈಹಿಡಿದು ಬರುತ್ತಾಳೆ. ಆಕೆಯನ್ನು ಕಂಡರೆ ನನಗೆ ಸಂತೋಷವಾಗುತ್ತದೆ. ಇನ್ನೊಂದೂ ಆಗುತ್ತದೆ. ಅದಕ್ಕೆ ನಾನು ಹೆಸರಿಟ್ಟಿಲ್ಲ.

ಗೋರಿಯ ಮುಂದೆ ನಿಂತು ಅಕ್ಕನನ್ನು ಒಂದೇ ಮಾತು ಕೇಳಿದ್ದೆ. "ಬಟ್ಟೆ ಕಟ್ಟಿದ್ರಾ?"

"ಹೂಂ, ಕಟ್ಟಿದ್ವಿ," ಎಂದಿದ್ದಳು.

ಬಟ್ಟೆ ಎಂದರೆ ಯಾವುದು ಎಂದು ಹೇಳಬೇಕು. ಗುರುಪಟ್ಟದ ದಿನ ಬಿಷಪ್ಪರು ಹೊಸ ಗುರುವಿನ ಎರಡೂ ಅಂಗೈಗೆ ತೈಲ ಹಚ್ಚಿ, ಕೈಗಳನ್ನು ಜೋಡಿಸಿ, ಒಂದು ಬಿಳಿಯ ನಾರುಬಟ್ಟೆಯ ಪಟ್ಟಿಯಿಂದ ಕಟ್ಟುತ್ತಾರೆ. ಆಮೇಲೆ ಆ ಪಟ್ಟಿಯನ್ನು ತಾಯಿಗೆ ಕೊಡುವುದು ರೂಢಿ. ಅವಳು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳುತ್ತಾಳೆ. ಅವಳು ಸತ್ತಾಗ ಅದನ್ನು ಅವಳ ಕೈಗೆ ಕಟ್ಟಿ ಮಣ್ಣು ಮಾಡುತ್ತಾರೆ. ದೇವರು "ನೀನೇನು ತಂದೆ?" ಎಂದು ಕೇಳಿದರೆ, ಆಕೆ ಕೈ ತೋರಿಸಿದರೆ ಸಾಕು, ಈಕೆಗೊಬ್ಬ ಗುರುವಾದ ಮಗನಿದ್ದಾನೆ ಎಂದು ತಿಳಿಯುತ್ತದಂತೆ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಆ ಪಟ್ಟಿಯೇ ಅವಳ ಕಾಗದಪತ್ರ. ಅದರ ಒಂದು ತುದಿಗೆ ಅಕ್ಕ ಕೆಂಪು ದಾರದಲ್ಲಿ ಸಣ್ಣ ಶಿಲುಬೆ ಹೊಲಿದಿದ್ದಳು. ನಾನು ಅಮ್ಮನ ಬಳಿ ಇರಲಿಲ್ಲ, ಆದರೆ ನನ್ನ ಬಟ್ಟೆ ಇತ್ತು. ಈ ಆರು ವರ್ಷ ಅಷ್ಟೇ ನನ್ನ ಸಮಾಧಾನವಾಗಿತ್ತು.

ಹದಿನಾಲ್ಕನೆಯ ದಿನ ಜ್ವರ ಇಳಿಯಿತು. ನೂರಕ್ಕೆ ಬಂತು. ಅಕ್ಕ ಥರ್ಮಾಮೀಟರನ್ನು ಮೂರು ಸಲ ಝಾಡಿಸಿ ಮೂರು ಸಲವೂ ನೋಡಿದಳು. ಮಾರನೆಯ ದಿನ ಭಾನುವಾರ. ಗುರು ಇಲ್ಲದ ದೇವಾಲಯದಲ್ಲಿ ಜನ ತಾವೇ ಕೂತು ಜಪಮಾಲೆ ಹೇಳುತ್ತಿದ್ದರು. ಚೌರಪ್ಪನ ಒಡೆದ ಧ್ವನಿ ಮುಂದೆ, ಉಳಿದವರದ್ದು ಹಿಂದೆ. ನಡುವೆ ನನ್ನ ಹೆಸರು ಬಂತು. ನನಗಾಗಿ ಒಂದು ಹತ್ತು ಮಣಿ ಹೆಚ್ಚಿಗೆ ಹೇಳುತ್ತಿದ್ದರು.

ಅಕ್ಕನೂ ಅಲ್ಲೇ ಇದ್ದಳು. ಕೋಣೆಯಲ್ಲಿ ನಾನೊಬ್ಬನೇ.

ಬಾಗಿಲವರೆಗೆ ಹೋಗಿ, ಕೈಯೆತ್ತಿ ಒಮ್ಮೆ ಆಶೀರ್ವಾದ ಮಾಡಿ ಬಂದುಬಿಡೋಣ ಎನಿಸಿತು. ಬರೀ ಹನ್ನೆರಡು ಹೆಜ್ಜೆ. ಇದನ್ನು ಬರೆಯುವಾಗಲೂ ನನ್ನ ಕಾಲು ಮಂಚದಿಂದ ಇಳಿಯುವುದು ಕಾಣುತ್ತದೆ. ತಡೆಯಬೇಕೆನಿಸುತ್ತದೆ. ಇಳಿದೆ. ನೆಲ ತಣ್ಣಗೆ ಹಿತವಾಗಿತ್ತು. ಹನ್ನೆರಡನೆಯ ಹೆಜ್ಜೆಯಲ್ಲಿ ಬಾಗಿಲ ಚೌಕಟ್ಟನ್ನು ಹಿಡಿದೆ. ಹೊರಗಿನ ಬಿಸಿಲು ಕಪ್ಪಾಯಿತು.

ಎಚ್ಚರವಾದಾಗ ಅಕ್ಕ ಕೂಗಾಡುತ್ತಿದ್ದಳು. ಸುತ್ತ ಜನರಿದ್ದರು. ಆದರೂ ಅವಳು ಸ್ವಾಮಿ ಎನ್ನಲಿಲ್ಲ.

"ಯಾರು ಹೇಳಿದ್ರೋ ನಿಂಗೆ ಏಳು ಅಂತ? ಊರೋರಿಗೆ ಆಶೀರ್ವಾದ ಇಲ್ದೆ ಹೊತ್ತು ಮುಳುಗೋದಿಲ್ವಾ? ಕರೆದೋರ ಮನೆಗೆಲ್ಲ ಏಳ್ತೀಯ, ಓಡ್ತೀಯ. ಹೆತ್ತವಳು ಕರೆದಾಗ ಮಾತ್ರ..."

ಅಲ್ಲಿಗೆ ನಿಲ್ಲಿಸಿದಳು. ಆರು ವರ್ಷದಲ್ಲಿ ಒಮ್ಮೆಯೂ ಅವಳು ಆ ಮಾತನ್ನು ಆಡಿರಲಿಲ್ಲ. ಚೌರಪ್ಪ ಜನರನ್ನೆಲ್ಲ ಹೊರಗೆ ಕಳಿಸಿದ.

ಸೋಮವಾರ ಬೆಳಗ್ಗೆ ಬೆಡ್‌ಪ್ಯಾನ್ ತುಂಬ ರಕ್ತ.

ಡಾಕ್ಟರು ಬಂದರು. ತಮಾಷೆ ಮಾಡಲಿಲ್ಲ. ಪಲ್ಸ್ ಹಿಡಿದು ಬಹಳ ಹೊತ್ತು ಕೂತರು. ಹೊರಗೆ ಅಕ್ಕನಿಗೆ ಹೇಳಿದ್ದು ಕೇಳಿಸಿತು. "ಇಂಟರ್ನಲ್ ಬ್ಲೀಡಿಂಗ್. ಹೊಟ್ಟೆ ಮೇಲೆ ಐಸ್ ಇಡಬೇಕು. ಐಸ್ ಎಲ್ಲಿಂದ ತರ್ತೀರೋ ಗೊತ್ತಿಲ್ಲ. ಇವತ್ತು ನಿಂತ್ರೆ ಉಳಿದ್ರು. ನಿಮ್ಮವರು ಮಾಡೋದು ಏನಾದ್ರೂ ಇದ್ರೆ ಮಾಡಿಸಿಬಿಡಿ."

ಪಿಳ್ಳೇಗೌಡರು ಆ ಮಾತು ಕೇಳಿಸಿಕೊಂಡವರೇ ಬೆಂಗಳೂರಿನ ಬಸ್ಸು ಹತ್ತಿದರಂತೆ. ಚೌರಪ್ಪ ಪಕ್ಕದ ಧರ್ಮಕೇಂದ್ರದ ದೊಡ್ಡ ಸ್ವಾಮಿಗಳನ್ನು ಕರೆಯಲು ಹೋದ.

ದೊಡ್ಡ ಸ್ವಾಮಿಗಳು ಫ್ರಾನ್ಸಿನವರು. ಮೂವತ್ತು ವರ್ಷದಿಂದ ಇಲ್ಲಿಯೇ ಇದ್ದಾರೆ. ಕನ್ನಡವನ್ನು ವ್ಯಾಕರಣ ಪುಸ್ತಕದಿಂದ ಕಲಿತವರು, ಇಂದಿಗೂ ಹಾಗೆಯೇ ಮಾತನಾಡುತ್ತಾರೆ. ಮಧ್ಯಾಹ್ನ ಎತ್ತಿನ ಗಾಡಿಯಿಂದ ಇಳಿದು ಬಂದು ನನ್ನ ಪಕ್ಕ ಕೂತು, "ಮಗುವೇ, ನೀನು ಭಯಪಡುತ್ತಿರುವೆಯಾ?" ಎಂದರು.

"ಹೌದು," ಎಂದೆ. ಹದಿಮೂರು ವರ್ಷ ಸಾಯುವವರಿಗೆಲ್ಲ ಭಯಪಡಬೇಡಿ ಎಂದು ಹೇಳಿದವನು ನಾನು. ಆ ಮಾತು ಎಷ್ಟು ಹಗುರ ಎಂದು ಆಗ ತಿಳಿಯಿತು.

"ಒಳ್ಳೆಯದು. ನಾನೂ ಭಯಪಡುತ್ತಿರುವೆನು."

ಅವರು ತೈಲ ತೆಗೆದರು. ಕಣ್ಣು, ಕಿವಿ, ಮೂಗು, ಬಾಯಿ. ಕೈಯ ಸರದಿ ಬಂದಾಗ ನಾನು ಅಭ್ಯಾಸಬಲದಿಂದ ಅಂಗೈ ಬಿಡಿಸಿದೆ. ಅವರು ಮೆಲ್ಲಗೆ ಅದನ್ನು ಮಗುಚಿದರು. ಗುರುಗಳ ಅಂಗೈಗೆ ಪಟ್ಟದ ದಿನವೇ ತೈಲ ಬಿದ್ದಿರುತ್ತದೆ. ಆದ್ದರಿಂದ ಸಾಯುವಾಗ ಹಚ್ಚುವುದು ಕೈಯ ಹಿಂಬದಿಗೆ. ಪುಸ್ತಕದಲ್ಲಿ ಓದಿದ್ದೆ, ಮರೆತಿದ್ದೆ. ಅವರ ಹೆಬ್ಬೆರಳು ಅಲ್ಲಿ ತಾಗಿದಾಗ ಅಳು ಬಂತು. ಅವರು ನನ್ನ ಕೈಗಳನ್ನು ಬೇಗ ಬಿಡಲಿಲ್ಲ. ಬಾಗಿಲಲ್ಲಿದ್ದ ಅಕ್ಕನ ಕಡೆ ಒಮ್ಮೆ ನೋಡಿದರು, ಮತ್ತೆ ನನ್ನ ಕೈಗಳ ಕಡೆ ನೋಡಿದರು.

ಅವರು ಪ್ರಾರ್ಥನೆಗೆ ದೇವಾಲಯಕ್ಕೆ ಹೋದರು. ನಾನು ಮುಳುಗುತ್ತಿದ್ದೆ. ಅದಕ್ಕೆ ಬೇರೆ ಮಾತು ಗೊತ್ತಿಲ್ಲ. ಮಂಚ ಕೆಳಗೆ ಇಳಿಯುತ್ತಾ ಹೋಗುತ್ತಿತ್ತು.

ಯಾರೋ ನನ್ನ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿದರು. ಮಣಿಕಟ್ಟಿನ ಸುತ್ತ ಏನೋ ಸುತ್ತಿಕೊಂಡಿತು. ಒಂದು ಸುತ್ತು, ಎರಡು ಸುತ್ತು. ಕಷ್ಟಪಟ್ಟು ಕಣ್ಣು ಬಿಟ್ಟೆ. ಹಳದಿಯಾದ ಬಿಳಿ ಪಟ್ಟಿ. ಮಧ್ಯದಲ್ಲಿ ಎಣ್ಣೆಯ ಹಳೆಯ ಕಲೆ. ತುದಿಯಲ್ಲಿ ಕೆಂಪು ಶಿಲುಬೆ.

ಅಮ್ಮನ ಜೊತೆ ಮಣ್ಣಿನಲ್ಲಿರಬೇಕಾದ ಬಟ್ಟೆ ನನ್ನ ಕೈಯಲ್ಲಿತ್ತು.

ಅಕ್ಕ ನನ್ನ ಕಿವಿಯ ಹತ್ತಿರ ಬಾಗಿದ್ದಳು.

"ಅಮ್ಮನಿಗೆ ಕೊಟ್ಬಿಡಪ್ಪಾ. ನಾನು ಕಟ್ಟಲಿಲ್ಲ ಕಣೋ. ನೀನು ಬರ್ತೀಯ, ನೀನೇ ಕಟ್ತೀಯ ಅಂತ ಸೊಂಟಕ್ಕೆ ಸಿಕ್ಕಿಸ್ಕೊಂಡು ಕಾದೆ. ಬಿಸಿಲು ಏರ್ತು, ಇನ್ನು ಇಡೋಕಾಗಲ್ಲ ಅಂದ್ರು. ಪೆಟ್ಟಿಗೆಗೆ ಮೊಳೆ ಹೊಡೆದ್ರು. ಮಣ್ಣು ಹಾಕಿ ಬಂದು ಕಾಲು ತೊಳೆಯೋವಾಗ ಕೈಗೆ ಸಿಕ್ತು. ಸೊಂಟದಾಗೇ ಇತ್ತು. ಅಮ್ಮ ಬರೀಕೈಲಿ ಹೋದ್ಲು ಕಣೋ."

ಅವಳು ಪಟ್ಟಿಯ ಗಂಟು ಬಿಗಿದಳು.

"ನಿಂಗೆ ಸುಳ್ಳು ಹೇಳ್ಬಿಟ್ಟೆ. ಪಾಪನಿವೇದನೆ ಮಾಡೋಣ ಅಂದ್ರೆ ಇಲ್ಲಿ ಕೇಳೋಕೆ ಕೂರೋನೇ ನೀನು. ಅದಕ್ಕೇ ದೊಡ್ಡ ಸ್ವಾಮಿಗಳ ಹತ್ರ ನಡೆದು ಹೋಗ್ತಿದ್ದೆ. ಅವ್ರು ಪ್ರತಿ ಸಲಾನೂ, ತಮ್ಮನಿಗೆ ಹೇಳಮ್ಮ ಅಂತಿದ್ರು. ಬಾಯಿ ಬರ್ಲಿಲ್ಲ. ಈಗ ನೀನೇ ಹೋಗ್ತಿದೀಯಲ್ಲ, ತಗೊಂಡು ಹೋಗು. ನನ್ನ ತಪ್ಪು ಅಂತ ಹೇಳು. ಅವಳು ಬೈದ್ರೆ ನನ್ನನ್ನೇ ಬೈಲಿ."

ಸಾಯುತ್ತಿರುವವನಿಗೆ ಇದನ್ನೆಲ್ಲ ಹೇಳಬಹುದೇ ಎಂದು ಓದುವವರಿಗೆ ಅನಿಸಬಹುದು. ನನಗೆ ಆಗ ಅನಿಸಿದ್ದು ಬೇರೆ. ಮುಳುಗುತ್ತಿದ್ದ ಮಂಚ ಅಲ್ಲಿಯೇ ನಿಂತಿತು. ನನಗೊಂದು ಕೆಲಸ ಒಪ್ಪಿಸಿದ್ದರು. ಈ ಸಲ ಹೋಗಬೇಕಾದದ್ದು ಅಮ್ಮನ ಬಳಿಗೇ. ಹೋಗಲು ನಾನು ಸಿದ್ಧನಿದ್ದೆ. ಭಯ ಕೂಡ ಅಷ್ಟಿರಲಿಲ್ಲ. ಆದರೆ ಕೈ ಕಟ್ಟಿ ಮುಗಿದ ಮೇಲೂ ಅಕ್ಕ ತನ್ನ ಕೈಯನ್ನು ಅಲ್ಲಿಂದ ತೆಗೆದಿರಲಿಲ್ಲ. ಹೋಗು ಎನ್ನುತ್ತಲೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಪಿಳ್ಳೇಗೌಡರು ಮೊದಲ ಸಲ ಹೊಸ್ತಿಲು ದಾಟಿ ಒಳಗೆ ಬಂದದ್ದು. ಮರದ ಹೊಟ್ಟು ತುಂಬಿದ ಗೋಣಿಚೀಲ. "ದೊಡ್ಡ ಗಡ್ಡೇನೇ ತಂದೆ ಕಣಮ್ಮ. ಈ ಹಾಳು ಬಸ್ಸು ಎಲ್ಡು ಕಡೆ ಕೆಟ್ಟು ನಿಂತ್ಕಂಡ್ತು. ಅರ್ಧ ದಾರೀಗೇ ನೀರಾಗೋಯ್ತು. ಉಳಿದಿರೋದು ಸ್ವಾಮಿಯೋರ ಪಾಲಿಂದು." ಹೊಟ್ಟೆಯ ಮೇಲೆ ಆ ತಣ್ಣನೆಯ ಭಾರ. ಪೂಜಾಪಾತ್ರೆ ತುಟಿಗೆ ತಾಗಿದಂತೆಯೇ ಇತ್ತು.

ಬೆಳಗ್ಗೆ ಡಾಕ್ಟರ ಧ್ವನಿ.

"ಯಾರ್ರೀ ಇವರ ಕೈ ಕಟ್ಟಿರೋದು? ಪಲ್ಸ್ ಎಲ್ಲಿ ನೋಡ್ಲಿ ನಾನು?"

ಅಕ್ಕ ಗಂಟು ಬಿಚ್ಚಿದಳು. ಡಾಕ್ಟರು ಮಣಿಕಟ್ಟು ಹಿಡಿದರು. ಗಡಿಯಾರ ನೋಡಿದರು.

"ಇದೆ."

ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಚೆನ್ನಾಗೇ ಇದೆ," ಎಂದರು. ಅಕ್ಕ ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡಿಗೆಮನೆಗೆ ಹೋದಳು. ಅಲ್ಲಿ ಅವಳು ಅತ್ತದ್ದು ಗೋಡೆಯ ಈಚೆಗೆ ಕೇಳಿಸಿತು.

ಈಗ ಎರಡು ತಿಂಗಳಾಗಿದೆ. ತಲೆಗೂದಲು ಉದುರಿ ಹೋಗಿದೆ. ಲೋಟ ಹಿಡಿದರೆ ನೀರು ಅಲುಗುತ್ತದೆ. ಮಂಚದಿಂದ ಕಾಲು ಇಳಿಸುವಾಗ ಪ್ರತಿ ಸಲವೂ ಒಂದು ಕ್ಷಣ ತಡೆಯುತ್ತೇನೆ. ಪೂಜೆಯಲ್ಲಿ ಕೈ ನಡುಗಿದರೆ ಚೌರಪ್ಪ ಈಗ ಭಕ್ತಿ ಎನ್ನುವುದಿಲ್ಲ, ಓಡಿಬಂದು ಹಣೆ ಮುಟ್ಟಿ ನೋಡುತ್ತಾನೆ. ದೊಡ್ಡ ಸ್ವಾಮಿಗಳು ಎರಡು ಸಲ ಬಂದು ಹೋದರು. ಬಟ್ಟೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಅವರು ಆಡುವಂತಿಲ್ಲ. ಇಷ್ಟು ವರ್ಷ ಅವರು ನನ್ನ ಜೊತೆ ಊಟಕ್ಕೆ ಕೂತಾಗಲೆಲ್ಲ ಅದನ್ನು ಹೊತ್ತುಕೊಂಡೇ ಕೂತಿದ್ದರಲ್ಲ ಎಂದು ಈಗ ಅನಿಸುತ್ತದೆ.

ಅಕ್ಕನೂ ನಾನೂ ಸಹ ಅದರ ಬಗ್ಗೆ ಮಾತನಾಡಿರಲಿಲ್ಲ. ಮೊದಲ ಸಲ ಮೆತ್ತನೆಯ ಅನ್ನ ತಿನ್ನಲು ಡಾಕ್ಟರು ಒಪ್ಪಿದ ದಿನ, ಜಗಲಿಯ ಮೇಲೆ ಕೂತು ಅವಳು ತುತ್ತು ಕಲಸುತ್ತಿದ್ದಳು. ನಾನು ಕೇಳಿದೆ.

"ಅದು ಎಲ್ಲಿದೆ?"

"ಒಗೆದು ಇಟ್ಟಿದೀನಿ." ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಕೋಪಾನೇನೋ?"

"ನೀನು ಕಟ್ಟೋದು ಮರೆತೆ. ನಾನು ಬರೋದನ್ನೇ ಬಿಟ್ಟೆ. ಯಾರ ಮೇಲೆ ಯಾರು ಕೋಪ ಮಾಡ್ಕೊಳ್ಳೋದು ಅಕ್ಕ?"

ಅವಳು ಬಹಳ ಹೊತ್ತು ಅನ್ನ ಕಲಸಿದಳು. ಅಷ್ಟು ಕಲಸುವ ಅಗತ್ಯವಿರಲಿಲ್ಲ.

"ನೀನು ಉಳ್ಕೊಂಡಿದ್ದು ಒಳ್ಳೇದೇ ಆಯ್ತು," ಎಂದಳು. "ಆದ್ರೆ ಈಗ ಅದನ್ನ ಯಾರ ಕೈಲಿ ಕಳ್ಸೋದು?"

ಇಬ್ಬರಿಗೂ ನಗು ಬಂತು. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಹಿಡಿದುಕೊಂಡು ನಕ್ಕೆ. ಕಣ್ಣೊರೆಸಿಕೊಂಡು ಅವಳೇ ಹೇಳಿದಳು.

"ನಾನು ದೊಡ್ಡೋಳು. ಸರದಿ ಪ್ರಕಾರ ನಾನೇ ಮೊದ್ಲು ಹೋಗ್ಬೇಕು. ನೀನು ನಡುವೆ ನುಗ್ಗೋಕೆ ನೋಡ್ದೆ. ನನ್ನ ಕೈಗೆ ಕಟ್ಟು. ನಾನೇ ತಗೊಂಡು ಹೋಗಿ ಅವಳಿಗೆ ಕೊಡ್ತೀನಿ."

"ಆಗ್ಲಿ."

"ಬೇರೆ ಯಾರೂ ಕಟ್ಟಬಾರ್ದು. ನೀನೇ ಕಟ್ಟಬೇಕು."

"ಆಗ್ಲಿ ಅಕ್ಕ."

ನಿನ್ನೆ ಬೆಳಗ್ಗೆ ಕಾಯಿಲೆಯ ನಂತರದ ಮೊದಲ ಕರೆ ಬಂತು, ಬೂದಿಗೆರೆಯ ಕಡೆಯಿಂದ. ಒಬ್ಬ ಮುದುಕ ಹಾಸಿಗೆ ಹಿಡಿದಿದ್ದಾನೆ. ಪಿಳ್ಳೇಗೌಡರು ಸೈಕಲ್ ಬೇಡವೆಂದು ತಮ್ಮ ಗಾಡಿಯನ್ನೇ ಕಟ್ಟಿಸಿದರು. ತೈಲದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಹೊಸ್ತಿಲಲ್ಲಿ ಒಮ್ಮೆ ನಿಂತೆ. ಅಕ್ಕ ನೀರಿನ ಚೊಂಬನ್ನು ಗಾಡಿಯಲ್ಲಿಟ್ಟು, ಗಾಡಿಯವನ ಎದುರಿಗಾದ್ದರಿಂದ ಮರ್ಯಾದೆಯಿಂದಲೇ, "ಹುಷಾರಾಗಿ ಹೋಗಿ ಬನ್ನಿ ಸ್ವಾಮಿ," ಎಂದಳು.

ಎತ್ತುಗಳು ಹೆಜ್ಜೆ ಇಟ್ಟವು. ಅವಳು ಗಾಡಿಯ ಪಕ್ಕ ನಾಲ್ಕು ಹೆಜ್ಜೆ ನಡೆದು ಬಂದು, ಧ್ವನಿ ತಗ್ಗಿಸಿ, ನನಗೊಬ್ಬನಿಗೇ ಕೇಳುವಂತೆ ಹೇಳಿದಳು.

"ನನ್ನ ಸಲಕ್ಕೆ ತಡ ಮಾಡ್ಬೇಡ ಕಣೋ."